ಟವೆಲ್ಲಿನಡಿಯ ದರ

ದನಗಳಿಗೆ ಮಾತು ತಿಳಿಯತೊಡಗಿದ ಮೇಲೆ ಕೊಟ್ಟಿಗೆಯ ಹತ್ತಿರ ಮೆಕ್ಕೆಜೋಳದ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಏರಿತೆಂದು ಕೇಳಿದರೆ ಸಾಕು, ಅವು ಸಂಕೋಚಪಟ್ಟು ತಿನ್ನುವುದನ್ನೇ ಬಿಡುತ್ತಿದ್ದವು.

ಮೊನ್ನೆಯಷ್ಟೇ ಕರು ಹಾಕಿದ ಚಂದ್ರಿ ಹೊಟ್ಟೆ ತುಂಬ ತಿನ್ನಲೇಬೇಕಿತ್ತು. ಅದರ ಒಡತಿ ಚೌಡಮ್ಮ ಚಡಪಡಿಸುತ್ತಲೇ ಟವೆಲ್ಲಿನಡಿ ಕೈಯೊಡ್ಡಿದಳು. ಮೆಕ್ಕೆಜೋಳದ ನುಚ್ಚಿನ ವ್ಯಾಪಾರಿ ಕರಿಬಸಪ್ಪ ದನದ ಸಂತೆಯ ದಲ್ಲಾಳಿಯಂತೆ ಅವಳ ಬೆರಳುಗಳನ್ನು ಒತ್ತಿ ದರ ತಿಳಿಸಿದ. ಹೋದ ವಾರಕ್ಕಿಂತ ಮೂರು ಬೆರಳು ಹೆಚ್ಚು.

“ಏನ್ ಹಗಲುದರೋಡೆನೋ ನಿಂದು!” ಎಂದುಬಿಟ್ಟಳು.

“ಮೆತ್ತಗೆ ಅನ್ನಕ್ಕ, ಕೇಳಿಸ್ಕಂತೈತೆ,” ಎಂದ ಕರಿಬಸಪ್ಪ.

ಚಂದ್ರಿ ಬುಟ್ಟಿಯಿಂದ ಮೂತಿ ಎತ್ತಿತು.

“ತಮಾಷೆ ಕಣವ್ವ, ಜೋಳ ಅಗ್ಗ ಆಗೈತೆ, ತಿನ್ನು,” ಎಂದು ಚೌಡಮ್ಮ ಜೋರಾಗಿ ನಕ್ಕಳು.

ಚಂದ್ರಿ ಅವಳ ಮುಖವನ್ನೇ ನೋಡುತ್ತ ನಿಂತಿತು. ಆಮೇಲೆ ನುಚ್ಚಿನ ಬುಟ್ಟಿಯನ್ನು ಮೆಲ್ಲಗೆ ಅವಳ ಕಾಲಬಳಿಗೆ ತಳ್ಳಿತು.