ಕಾಲು ಗಂಟೆಯ ಮಾತು

ಮೇಲಿನ ಬಿಸಿಲು ತಾಳಲಾರದೆ ಊರಿಗೆ ಊರೇ ಹಳೆಯ ಚಿನ್ನದ ಗಣಿಯೊಳಗೆ ಇಳಿದು ಮೂವತ್ತು ವರ್ಷವಾಗಿತ್ತು. ಗಾಳಿ ತರುವ ಫ್ಯಾನುಗಳ ಆರ್ಭಟದಲ್ಲಿ ಬಾಯಿಮಾತು ಕೇಳಿಸದ ಕಾರಣ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಡೌನ್ ಸಿಂಡ್ರೋಮ್ ಇದ್ದ ಐದು ವರ್ಷದ ಚೆಂಗಮ್ಮ ಕೂಡ ಕೈಯಲ್ಲಿ ಚಾಡಿ ಹೇಳುತ್ತಿದ್ದಳು, ಜಗಳವಾಡುತ್ತಿದ್ದಳು. ಆದರೆ ಇನ್ನೂ ಗೋಡೆ ಬಿಟ್ಟು ನಡೆದಿರಲಿಲ್ಲ. ಬಾಯಲ್ಲಿ ಒಂದು ಮಾತೂ ಬಂದಿರಲಿಲ್ಲ.

ಪ್ರತಿ ಭಾನುವಾರ ಧೂಳು ತೆಗೆಯಲು ಫ್ಯಾನುಗಳನ್ನು ಕಾಲು ಗಂಟೆ ನಿಲ್ಲಿಸುತ್ತಿದ್ದರು. ಆಗ ಊರೆಲ್ಲ ಬಾಯಿತುಂಬ ಮಾತಾಡುತ್ತಿತ್ತು. ತಾತ ಮುನಿಶಾಮಿ ಅವಳನ್ನು ಎದುರಿಗೆ ಕೂರಿಸಿಕೊಂಡು, "ತಾತಾ ಅನ್ನು ನನ್ನವ್ವ" ಎಂದು ಗೋಗರೆಯುತ್ತಿದ್ದ. ಅವಳ ನಾಲಿಗೆ ಭಾರವಾಗಿ ಕೂತುಬಿಡುತ್ತಿತ್ತು.

ಒಂದು ಭಾನುವಾರ ಫ್ಯಾನುಗಳು ನಿಂತಾಗ ಅವನು ಬೆನ್ನು ತಿರುಗಿಸಿ ನೆರೆಯವನ ಜೊತೆ ಹರಟೆಗೆ ನಿಂತುಬಿಟ್ಟ. ಚೆಂಗಮ್ಮ ಕೈ ಆಡಿಸಿ ಕರೆದಳು, ಅವನು ನೋಡಲಿಲ್ಲ. ಮತ್ತೆ ಕರೆದಳು. ಸಿಟ್ಟು ನೆತ್ತಿಗೇರಿತು. ಗೋಡೆ ಬಿಟ್ಟು, ತೂರಾಡುತ್ತ ನಾಲ್ಕು ಹೆಜ್ಜೆ ನಡೆದು, ಸುರಂಗದ ನಟ್ಟನಡುವೆ ನಿಂತು ಕೂಗಿದಳು:

"ತಾತಾ! ಬಾ!"

ಸುತ್ತಲಿನ ಮಾತೆಲ್ಲ ನಿಂತಿತು. ಮುನಿಶಾಮಿ ತಿರುಗಿ ನೋಡಿದ. ಅವಳು ಹುಬ್ಬು ಗಂಟಿಕ್ಕಿ, "ಕಿವಿ ಕೇಳಿಸಲ್ವಾ?" ಎಂದು ಕೈಯಲ್ಲೇ ಗದರಿದಳು.

"ಊರಿಗೆಲ್ಲ ಕೇಳಿಸ್ತು ಕಣವ್ವಾ!" ಎನ್ನುತ್ತ ಅವನು ಓಡಿಬಂದ.