ಮೂರು ಕೆಜಿ ಸೋನಾ ಮಸೂರಿ

ಹಗುರದ್ದಕ್ಕೆ ಅರವತ್ತೆರಡು ಸಾವಿರ, ಭಾರದ್ದಕ್ಕೆ ಎಪ್ಪತ್ತೆಂಟು. ಸೀತಾಳ ಕೈಗೆ ಬಂದಿದ್ದ ಚೀಟಿ ದುಡ್ಡು ಎಂಬತ್ತು ಸಾವಿರ. ಹಾಗಾಗಿ ತಕರಾರು ದುಡ್ಡಿನದಾಗಿರಲಿಲ್ಲ, ತೂಕದ್ದಾಗಿತ್ತು. ಒಂದು ಲ್ಯಾಪ್‌ಟಾಪು ಚಾರ್ಜರ್ ಸೇರಿ ಒಂದೂಕಾಲು ಕೆಜಿ, ಇನ್ನೊಂದು ಮೂರು ಕೆಜಿ.

“ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ಭಾರ ತಗೊಳ್ಳೋಕೆ ಅದೇನು ಬಂಗಾರಾನಾ?” ಎಂದಳು ಸೀತಾ.

“ಅಮ್ಮಾ, ಹಗುರದ್ದರಲ್ಲಿ ಒಂದು ಮನೆ ಡ್ರಾಯಿಂಗ್ ತಿರುಗಿಸಿ ನೋಡೋಷ್ಟರಲ್ಲಿ ಆ ಮನೆಯೋರು ಗೃಹಪ್ರವೇಶನೇ ಮುಗಿಸಿರ್ತಾರೆ,” ಎಂದಳು ಮಗಳು ಮಹತಿ. ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಸೀಟು ಸಿಕ್ಕಿದಾಗಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹಗುರದ್ದು ಸದ್ದೇ ಮಾಡುವುದಿಲ್ಲ, ಬೆಳಿಗ್ಗೆ ಚಾರ್ಜ್ ಮಾಡಿದರೆ ಸಂಜೆಯವರೆಗೂ ಬರುತ್ತದೆ. ಭಾರದ್ದು ಮಧ್ಯಾಹ್ನದ ಊಟದ ಹೊತ್ತಿಗೇ ಕಣ್ಣು ಮುಚ್ಚುತ್ತದೆ, ಅದರ ಫ್ಯಾನು ಮಿಕ್ಸಿಯ ಹಾಗೆ ಗುರುಗುಟ್ಟುತ್ತದೆ. ಆದರೆ ಎಂಥ ದೊಡ್ಡ ಡ್ರಾಯಿಂಗ್ ಕೊಟ್ಟರೂ ತಡವರಿಸುವುದಿಲ್ಲ. ಒಂದು ವಾರದಿಂದ ಕೇಳಿ ಕೇಳಿ ಸೀತಾಳಿಗೂ ಇದೆಲ್ಲ ಬಾಯಿಪಾಠವಾಗಿತ್ತು. ಅವಳ ಕಣ್ಣಿದ್ದದ್ದು ಮಗಳ ಬಡಕಲು ಭುಜದ ಮೇಲೆ. ಯಶವಂತಪುರದಿಂದ ದಿನಾ ಬಸ್ಸಿನಲ್ಲಿ ನಿಂತು ಹೋಗಬೇಕು, ನಿಂತು ಬರಬೇಕು, ಅದೂ ಐದು ವರ್ಷ. ಒಮ್ಮೆ ಕೊಂಡರೆ ಅಷ್ಟೂ ವರ್ಷ ಅದೇ. ಇನ್ನೊಂದು ಕೊಳ್ಳಲು ಇನ್ನೊಂದು ಚೀಟಿ ಇಲ್ಲ.

“ಬಾಯಲ್ಲಿ ತೂಗಿದ್ದು ಸಾಕು, ಹೊತ್ತೇ ನೋಡೋಣ,” ಎಂದು ಸೀತಾ ಎದ್ದಳು. ಡಬ್ಬಿಯಲ್ಲಿದ್ದ ಸೋನಾ ಮಸೂರಿಯೆಲ್ಲ ಬಗ್ಗಿಸಿದಾಗ ಸರಿಯಾಗಿ ಮೂರು ಕೆಜಿ ಆಯಿತು. ಅದು ಮಹತಿಯ ಹೈಸ್ಕೂಲ್ ಬ್ಯಾಗಿಗೆ ಬಿತ್ತು. ಇನ್ನೊಂದು ಬ್ಯಾಗಿಗೆ ಒಂದೂಕಾಲು ಕೆಜಿ ತೊಗರಿಬೇಳೆ. “ಅಕ್ಕಿ ನಾನು ಹೊರ್ತೀನಿ, ಬೇಳೆ ನೀನು. ಸೋಲದೇವನಹಳ್ಳಿಲಿ ಇಳಿದಾಗ ನನ್ನ ಭುಜ ನೋಯ್ತಿದ್ರೆ ಹಗುರದ್ದು. ಇಲ್ಲಾಂದ್ರೆ ನೀನು ಹೇಳಿದ್ದೇ.”

“ನೋವಿಲ್ದೆ ನೋವು ಅಂತ ನರಳಬಾರದು ಮತ್ತೆ.”

“ನಿನ್ನಾಣೆ ಕಣೇ.”

ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ, ಹಾಗಾಗಿ ಪರೀಕ್ಷೆಯೂ ಪುಕ್ಕಟೆ. ಹೆಸರಘಟ್ಟದ ಬಸ್ಸು ತುಂಬಿಕೊಂಡೇ ಬಂತು. ತಾಯಿ ಮಗಳು ನುಗ್ಗಿ ಹತ್ತಿದರು. ಜಾಲಹಳ್ಳಿ ಕ್ರಾಸ್ ದಾಟುವಷ್ಟರಲ್ಲಿ ಸೀತಾಳ ಬಲಭುಜ ಜಗ್ಗತೊಡಗಿತು. ಅವಳಿಗೆ ಒಳಗೊಳಗೇ ಖುಷಿ. ‘ನೋಡಿದ್ಯಾ’ ಎನ್ನುವಂತೆ ಮಗಳತ್ತ ಹುಬ್ಬು ಹಾರಿಸಿದಳು. ಮಹತಿಯ ಮುಖ ಸಣ್ಣಗಾಯಿತು.

ಆಗ ಕಿಟಕಿ ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಕೈ ಚಾಚಿದರು. “ಯಾಕವ್ವ ಇಂಗೆ ಒತ್ಕೊಂಡು ನಿಂತಿದ್ದೀಯ? ಕೊಡಿಲ್ಲಿ, ತೊಡೆ ಮೇಲೆ ಇಟ್ಕೋತೀನಿ.”

“ಬೇಡ ಅಜ್ಜಿ, ಪರವಾಗಿಲ್ಲ.”

“ನಿನ್ನ ಗಂಟೇನು ನಾನು ತಿನ್ನಾಕಿಲ್ಲ, ಕೊಡವ್ವ.”

ಸೀತಾ ಇನ್ನೊಂದು ಮಾತಾಡುವ ಮೊದಲೇ ಮಹತಿ ಅವಳ ಭುಜದಿಂದ ಬ್ಯಾಗು ಬಿಡಿಸಿ ಅಜ್ಜಿಗೆ ದಾಟಿಸಿಬಿಟ್ಟಿದ್ದಳು. “ಇದು ಮೋಸ ಕಣೇ,” ಎಂದಳು ಸೀತಾ.

“ಮೋಸ ಏನು ಬಂತು? ನಾನು ದಿನಾ ಹೋಗೋದೂ ಇದೇ ಬಸ್ಸಲ್ಲಿ ತಾನೇ?”

ಅಜ್ಜಿಯ ಹೆಸರು ದೊಡ್ಡಮುನಿಯಮ್ಮ. ಬಾಗಲಗುಂಟೆಯಲ್ಲಿ ಅವರೇಕಾಯಿಯಿಂದ ಶುರುವಾದ ಮಾತು ಚಿಕ್ಕಬಾಣಾವರದ ಹೊತ್ತಿಗೆ ಮೊಮ್ಮಗಳ ಮದುವೆ ಸೀರೆಗೆ ಬಂದಿತ್ತು. ಸೀರೆಗೆ ಕುಚ್ಚು ಕಟ್ಟಿ ಚೀಟಿ ತುಂಬಿದವಳಲ್ಲವೇ ಸೀತಾ? ಅವಳಿಗೆ ಹುರುಪು ಬಂತು. ಕೆಂಪು ಸೀರೆಗೆ ಯಾವ ಮಣಿ, ಹಸಿರಿಗೆ ಯಾವ ದಾರ ಎಂದು ಕಂಬಿ ಹಿಡಿದುಕೊಂಡೇ ವಿವರಿಸಿದಳು. ಕಂಡಕ್ಟರ್ “ಸೋಲದೇವನಹಳ್ಳಿ, ಬೇಗ ಬೇಗ ಇಳೀರಿ” ಎಂದು ಕೂಗಿದಾಗ ಅರ್ಧ ಸೀರೆ ಇನ್ನೂ ಬಾಕಿಯಿತ್ತು. “ಬರ್ತೀನಿ ಅಜ್ಜಿ, ಮದುವೆ ಚೆನ್ನಾಗಿ ಆಗ್ಲಿ,” ಎನ್ನುತ್ತ ಜನರ ನಡುವೆ ನುಸುಳಿ ಮಗಳ ಹಿಂದೆ ಇಳಿದಳು.

ರಸ್ತೆಗೆ ಬಂದು ಸೀತಾ ಎರಡೂ ಕೈ ಬೀಸಿ ನೋಡಿದಳು. ಆಣೆ ಹಾಕಿದ್ದಳಲ್ಲ, ಸುಳ್ಳು ಹೇಳುವಂತಿರಲಿಲ್ಲ. “ಭುಜ ಹೂವಿನ ಹಾಗಿದೆ. ಹೋಗು, ಗೆದ್ದೆ.”

ಮಹತಿ ರಸ್ತೆಯಲ್ಲೇ ಕುಣಿದು ಅಮ್ಮನನ್ನು ತಬ್ಬಿಕೊಂಡಳು. ತಬ್ಬಿದ ಕೈ ಅಮ್ಮನ ಬೆನ್ನ ಮೇಲೆ ತಡಕಾಡಿ ನಿಂತಿತು. “ಅಮ್ಮಾ, ಅಕ್ಕಿ?”

ಸೀತಾ ಭುಜ ಮುಟ್ಟಿಕೊಂಡಳು. ದಿನನಿತ್ಯದ ವ್ಯಾನಿಟಿ ಬ್ಯಾಗು ಅಲ್ಲೇ ಇತ್ತು. ಅದಿದ್ದದ್ದಕ್ಕೇ ಎಲ್ಲ ಇದೆ ಎನ್ನಿಸಿತ್ತು. ಬಸ್ಸು ಹೊರಟಾಗಿತ್ತು. ಕಿಟಕಿಯಲ್ಲಿ ದೊಡ್ಡಮುನಿಯಮ್ಮ ಕೂಸನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಬ್ಯಾಗನ್ನು ಅವಚಿಕೊಂಡು ನೇರ ಮುಂದಕ್ಕೆ ನೋಡುತ್ತ ಕೂತಿದ್ದರು. ಇಬ್ಬರೂ ಕೂಗುತ್ತ ಓಡಿದರು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಅಜ್ಜಿಯ ಹೆಸರು ಗೊತ್ತು, ಮೊಮ್ಮಗಳ ಹೆಸರು ಗೊತ್ತು, ಮದುವೆ ಸೀರೆಯ ಬಣ್ಣವೂ ಗೊತ್ತು. ಮನೆ ಎಲ್ಲಿ ಎಂದು ಮಾತ್ರ ಕೇಳಿರಲಿಲ್ಲ.

ಮಹತಿ ಏದುಸಿರು ಬಿಡುತ್ತ ನಿಂತಳು. “ಅದರಲ್ಲಿ ಲ್ಯಾಪ್‌ಟಾಪ್ ಇದ್ದಿದ್ರೆ ಅಂತ ತಾನೇ ಈಗ ನೀನು ಹೇಳೋದು?”

“ಮರೆತವಳು ನಾನು, ನಿನ್ನನ್ನೇನು ಅನ್ನಲಿ?” ಸೀತಾಳಿಗೆ ನಗು ಬಂದುಬಿಟ್ಟಿತು. “ಇಷ್ಟು ಭಾರ ನೀನೊಬ್ಳೇ ಹೊರಬೇಕಲ್ಲ ಅಂತಲೇ ನನಗೆ ಭಯ ಇದ್ದಿದ್ದು. ಬಸ್ ತುಂಬ ಇಷ್ಟೊಂದು ಮಡಿಲು ಇರುತ್ತೆ ಅನ್ನೋದನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ.”

ಸಂಜೆ ಅಂಗಡಿಯವನು ಲ್ಯಾಪ್‌ಟಾಪಿನ ಜೊತೆ ಪುಕ್ಕಟೆ ಕೊಡುವ ನಾಲ್ಕು ಬ್ಯಾಗು ತೋರಿಸಿದ. ಸೀತಾ ಒಂದೊಂದರ ಪಟ್ಟಿಯನ್ನೂ ತನ್ನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ ನೋಡಿ, ಉದ್ದ ಪಟ್ಟಿಯದನ್ನು ಆರಿಸಿದಳು. “ಯಾರ ಮಡಿಲಿಗಾದ್ರೂ ಕೊಡು, ಪಟ್ಟಿ ಮಾತ್ರ ನಿನ್ನ ಕೈಲಿರ್ಲಿ.”

ಹೋದದ್ದು ಮೂರು ಕೆಜಿ, ಬಂದದ್ದು ಮೂರು ಕೆಜಿ. ಆ ರಾತ್ರಿ ಬೇಳೆ ಸಾರಿಗೆ ಮುದ್ದೆ ಮಾಡಿಕೊಂಡು ಉಂಡರು.