ಎರಡನೆಯ ಲಕೋಟೆ

“ಬೇಲೂರಿನಲ್ಲಿ ನಿನಗೆ ಬೇರೆ ವಕೀಲರೇ ಸಿಗಲಿಲ್ವಾ?”

ಪದ್ಮರಾಜ ಮೆಟ್ಟಿಲಿಗೆ ಅಡ್ಡ ನಿಂತಿದ್ದ. ತಮ್ಮನ ಹೆಂಡತಿಯನ್ನು ಬೀದಿಯಲ್ಲಿ ತಡೆದು ನಿಲ್ಲಿಸುವ ಸ್ವಭಾವ ಅವನದಲ್ಲ. ಆದರೆ ಬಾಗಿಲ ಮೇಲಿನ ಫಲಕದಲ್ಲಿದ್ದ ಹೆಸರು ಗಂಗಾಧರಯ್ಯನವರದು. ಎರಡು ವರ್ಷದ ಹಿಂದೆ, ಎಪ್ಪತ್ತೆಂಟರಲ್ಲಿ, ಮಾದಿಹಳ್ಳಿ ಹತ್ತಿರ ತಮ್ಮ ಪುಷ್ಪದಂತನ ಮೇಲೆ ಹರಿದ ಬಸ್ಸಿನ ಡ್ರೈವರನ್ನು ಬಿಡಿಸಿದ ವಕೀಲರು. ಬಸ್ಸಿನದೇನೂ ತಪ್ಪಿಲ್ಲ, ಸತ್ತವನೇ ಬೇಕೆಂದು ಅಡ್ಡ ಬಂದ ಎಂದು ತುಂಬಿದ ಕೋರ್ಟಿನಲ್ಲಿ ವಾದಿಸಿ ಗೆದ್ದವರು.

“ಗೊತ್ತು ಭಾವ,” ಎಂದಳು ಚಂದ್ರಮತಿ. “ಗೊತ್ತಿದ್ದೇ ಬಂದಿದ್ದೀನಿ.”

ಅರಸೀಕೆರೆಯ ಹೈಸ್ಕೂಲಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಹಳೇಬೀಡಿನ ಮನೆ ಮಾರಬೇಕಿತ್ತು. ಅದಕ್ಕೆ ವಕೀಲರೇ ಬೇಕಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂರುವ ಪತ್ರ ಬರಹಗಾರ ಚಿಕ್ಕಣ್ಣ ಅವರ ಮನೆತನದ ಕ್ರಯಪತ್ರಗಳನ್ನೆಲ್ಲ ಬರೆದವನು. ಕಾಫಿ ಕೊಡಿಸಿದರೆ ಅರ್ಧ ಕೂಲಿ ಬಿಡುವವನು. ಚಂದ್ರಮತಿ ಅವನು ಬೇಡವೆಂದಳು. ಪದ್ಮರಾಜನಿಗೆ ಪರಿಚಯದ ವಕೀಲರೊಬ್ಬರಿದ್ದರು. ಅವರೂ ಬೇಡವೆಂದಳು. ಎಂ.ಎ. ಓದಿದವಳು, ಏನೋ ಯೋಚನೆ ಇರಬೇಕು ಎಂದು ಮನೆಯವರು ಸುಮ್ಮನಾಗಿದ್ದರು. ಈಗ ಪದ್ಮರಾಜನಿಗೆ ಆ ಯೋಚನೆಯ ಬಗ್ಗೆಯೇ ಹೆದರಿಕೆಯಾಯಿತು. ಅವಳ ಕೈಚೀಲದ ಕಡೆ ನೋಡಿ, ಅದರಲ್ಲೇನಿದೆ ಎಂದು ಕೇಳಿದ.

“ಮನೆ ಪತ್ರ. ವಕೀಲರ ಫೀಸು.”

ಅವನು ದಾರಿ ಬಿಟ್ಟ. ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ ಎಂದ.

ಗಂಗಾಧರಯ್ಯನವರ ಬಗ್ಗೆ ಊರಿನಲ್ಲಿ ಒಂದೇ ಅಭಿಪ್ರಾಯ. ಫೀಸು ಮೇಜಿನ ಮೇಲೆ ಬೀಳದೆ ಬಾಯಿ ಬಿಡುವವರಲ್ಲ. ಬಿದ್ದ ಮೇಲೆ ಎಂಥ ಸುಳ್ಳಿಗೂ ಹಿಂಜರಿಯುವವರಲ್ಲ. ಇದನ್ನು ಅವರ ಗುಮಾಸ್ತ ಹೊನ್ನಯ್ಯನೇ ಬಂದ ಕಕ್ಷಿದಾರರಿಗೆ ಹೆಮ್ಮೆಯಿಂದ ಹೇಳುತ್ತಿದ್ದ. ಇವತ್ತು ಹೇಳಲಿಲ್ಲ. ಬಂದವಳು ಯಾರೆಂದು ಗುರುತು ಹಿಡಿದು, ಕುರ್ಚಿ ಸರಿಸಿಕೊಟ್ಟು, ಬಾಗಿಲಾಚೆ ಹೋಗಿ ನಿಂತ.

ಚಂದ್ರಮತಿ ಎರಡು ಲಕೋಟೆಗಳನ್ನು ಮೇಜಿನ ಮೇಲಿಟ್ಟಳು.

“ಇದು ಕ್ರಯಪತ್ರಕ್ಕೆ.”

“ಇನ್ನೊಂದು?”

“ಆಮೇಲೆ ಹೇಳ್ತೀನಿ.”

ವಕೀಲರು ಮೊದಲನೆಯದನ್ನು ಡ್ರಾಯರಿಗೆ ಹಾಕಿಕೊಂಡರು. ಯಾವ ಮನೆ ಮಾರುವಾಗಲೂ ಕೇಳುವ ಪ್ರಶ್ನೆಗಳನ್ನೇ ಕೇಳಿದರು. ಮನೆಯ ಮೇಲೆ ಸಾಲ ಇತ್ತೇ?

“ಇತ್ತು. ಅವರೇ ತೀರಿಸಿದ್ರು.”

ಈಗ ಯಾರ ಹೆಸರಿನಲ್ಲಿದೆ?

“ನನ್ನ ಹೆಸರಲ್ಲಿ. ದಾನಪತ್ರ ಮಾಡಿಕೊಟ್ರು.”

“ಯಾವಾಗ?”

“ಹೋಗೋ ಹಿಂದಿನ ವಾರ.”

ಬರೆಯುತ್ತಿದ್ದ ಪೆನ್ನು ನಿಂತಿತು. ಅವರು ತಲೆಯೆತ್ತಲಿಲ್ಲ. ಚಂದ್ರಮತಿ ಎರಡನೆಯ ಲಕೋಟೆಯನ್ನು ಅವರ ಕಡೆಗೆ ಸರಿಸಿದಳು.

“ಡ್ರೈವರ್ ಕೋರ್ಟಿನಲ್ಲಿ ಹೇಳಿದ್ದು ಊರಿಗೆಲ್ಲ ಗೊತ್ತು. ಇಲ್ಲಿ ಕೂತು ನಿಮ್ಮ ಹತ್ರ ಏನು ಹೇಳಿದ? ಅದು ಬೇಕು ನನಗೆ.” ಬಸ್ಸಿನ ಹೊತ್ತು ವಿಚಾರಿಸುವವಳ ದನಿ ಅದು.

“ಕಕ್ಷಿದಾರ ಹೇಳಿದ್ದನ್ನ ಹೊರಗೆ ಹೇಳೋ ಹಾಗಿಲ್ಲಮ್ಮ.”

“ಅವನು ತೀರಿಕೊಂಡನಂತೆ.”

ನಿಜ. ಡ್ರೈವರ್ ಕರಿಯಪ್ಪ ಹಿಂದಿನ ವರ್ಷ ಕಾಮಾಲೆಯಾಗಿ ಸತ್ತಿದ್ದ. ಹಿಂದೆ ಮುಂದೆ ಯಾರೂ ಇಲ್ಲದವನು.

“ಊಟಕ್ಕೆ ಬರ್ತೀನಿ ಅಂತ ಹೇಳಿ ಹೋದ್ರು,” ಎಂದಳು ಚಂದ್ರಮತಿ. “ನಾವು ಕತ್ತಲಾದ ಮೇಲೆ ಊಟ ಮಾಡೋರಲ್ಲ. ಎಲೆ ಹಾಕಿ, ಹೊತ್ತು ಮುಳುಗೋದನ್ನೇ ನೋಡ್ತಾ ಕೂತಿದ್ದೆ. ಆಮೇಲೆ ಪೊಲೀಸಿನವರು ಚಪ್ಪಲಿ ತಂದುಕೊಟ್ರು. ಅದರ ಮೇಲೆ ಒಂದು ಗೀರಿಲ್ಲ.” ಅವಳು ಮೇಜಿನ ಅಂಚನ್ನು ಬೆರಳಿನಿಂದ ಒರೆಸಿದಳು. “ಅವರಾಗೇ ಹೋಗಿದ್ರೆ, ನನ್ನನ್ನ ಬಿಟ್ಟು ಹೋದ್ರು ಅಂತ ಆಯ್ತು. ಬಿಟ್ಟು ಹೋದ್ರಾ ಇಲ್ವಾ, ಅಷ್ಟು ಹೇಳಿ ಸಾಕು.”

ಗಂಗಾಧರಯ್ಯ ಎದ್ದು ಬೀದಿ ಕಡೆಯ ಕಿಟಕಿ ಮುಚ್ಚಿದರು. ಅಲ್ಲಿಯೇ, ಬೆನ್ನು ಮಾಡಿ ನಿಂತು ಹೇಳಿದರು.

“ಡ್ರೈವರ್ ತೂಕಡಿಸ್ತಿದ್ದನಮ್ಮ. ನಿಮ್ಮ ಯಜಮಾನ್ರು ಬಸ್ಸಿಗೆ ಕೈ ಅಡ್ಡ ಹಾಕಿದ್ರಂತೆ. ಹೊತ್ತು ಮುಳುಗೋದರೊಳಗೆ ಮನೆ ಸೇರಬೇಕಿತ್ತಲ್ಲ. ಬಸ್ಸು ನಿಲ್ಲಲ್ಲ ಅಂತ ಕಂಡು, ಚಪ್ಪಲಿ ಕಳಚಿ ಓಡಿ ಬಂದ್ರಂತೆ. ಇವನು ಅದನ್ನ ಮಂಪರಿನಲ್ಲೇ ಕಂಡು ಬ್ರೇಕ್ ಹಾಕೋ ಹೊತ್ತಿಗೆ ಆಗಿಹೋಗಿತ್ತು.”



“ಹಾಗಾದ್ರೆ ನೀವು ಕೋರ್ಟಿನಲ್ಲಿ ಹೇಳಿದ್ದು ಸುಳ್ಳು.”

“ಹೌದಮ್ಮ.”

“ದುಡ್ಡಿಗೋಸ್ಕರ.”

“ದುಡ್ಡಿಗೋಸ್ಕರ.”

ಚಂದ್ರಮತಿ ಎದ್ದಳು. ಎರಡು ವರ್ಷದಿಂದ ಏನೂ ಕಾಣದಿದ್ದ ಮುಖಕ್ಕೆ ನೆತ್ತರು ಏರಿತ್ತು. ವಕೀಲರು ಎರಡನೆಯ ಲಕೋಟೆಯನ್ನು ಅವಳ ಕೈಚೀಲಕ್ಕೆ ತಾವೇ ಹಾಕಿದರು. ಕ್ರಯಪತ್ರ ಸೋಮವಾರಕ್ಕೆ ಸಿದ್ಧವಿರುತ್ತದೆ ಎಂದರು.

“ನಮ್ಮ ಭಾವ ಬರ್ತಾರೆ,” ಎಂದಳು. “ಇನ್ನೊಂದು ಸಲ ನಿಮ್ಮ ಮುಖ ನೋಡೋಕೆ ನನ್ನ ಕೈಲಾಗಲ್ಲ.”

ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ಅಳು ಬಂತು. ಹೆಣ ಮನೆಗೆ ಬಂದ ದಿನವೂ ಬಾರದಿದ್ದ ಅಳು. ಅಕ್ಕಪಕ್ಕದವರು ತಿರುಗಿ ನೋಡಿದರು. ನಾನು ಮೊದಲೇ ಹೇಳಿದೆ, ಕಟುಕ ಕಣಮ್ಮ ಅವನು ಎಂದು ಪದ್ಮರಾಜ ಗೊಣಗಿದ. ಅವಳು ತಲೆಯಾಡಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಕಿಟಕಿಯಾಚೆ ಬಿಸಿಲು ನೋಡಿದಳು.

“ಹೊತ್ತು ಮುಳುಗೋದರೊಳಗೆ ಮನೆ ಸೇರ್ತೀವಾ ಭಾವ? ಹಸಿವಾಗ್ತಿದೆ.”

ಕಚೇರಿಯಲ್ಲಿ ಹೊನ್ನಯ್ಯ ಮುಚ್ಚಿದ ಕಿಟಕಿಯನ್ನು ಮತ್ತೆ ತೆರೆದ. ಬಾಗಿಲಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ.

“ಕರಿಯಪ್ಪ ಹಂಗೆ ಹೇಳಿರ್ಲಿಲ್ಲವಲ್ಲ ಸ್ವಾಮಿ.”

ಗಂಗಾಧರಯ್ಯ ಮನೆ ಪತ್ರ ಬಿಡಿಸಿ ಕ್ರಯಪತ್ರ ಬರೆಯತೊಡಗಿದರು. ಇದೇ ಕುರ್ಚಿಯಲ್ಲಿ ನಡುಗುತ್ತ ಕೂತು ಕರಿಯಪ್ಪ ಹೇಳಿದ್ದು ಬೇರೆ: ರಸ್ತೆಯ ಅಂಚಿನಲ್ಲಿ ಆ ಮನುಷ್ಯ ಬಸದಿಯ ಬಾಗಿಲಲ್ಲಿ ಬಿಡುವ ಹಾಗೆ ಚಪ್ಪಲಿಗಳನ್ನು ಜೋಡಿಸಿಟ್ಟು, ಕೈಮುಗಿದು, ಮೆಲ್ಲಗೆ ಇಳಿದು ಬಂದ. ಅದನ್ನೇ ವಕೀಲರು ಕೋರ್ಟಿನಲ್ಲಿ ಹೇಳಿದ್ದರು.

ಅವರ ಇಡೀ ವಕೀಲಿಯಲ್ಲಿ ಬರೀ ಸತ್ಯ ಹೇಳಿ ಗೆದ್ದ ಮೊಕದ್ದಮೆ ಅದೊಂದೇ.